ಬಿ-ಫ್ಲಾಟ್ ಮೈನರ್, ತೀರಾ ನಿಧಾನ

ಟೆಲ್ಚ್, 12 ಅಕ್ಟೋಬರ್ 1952

ಲೀಬ ಮಗಳೇ,

ನೀವು ನಾಲ್ವರೂ ಬೇಸಿಗೆಯಿಂದ ಕೇಳುತ್ತಿದ್ದ, ನಿಮ್ಮ ತಂಡಕ್ಕೆಂದು ಬರೆದ ಕೃತಿಯ ಮೂರನೆಯ ಭಾಗ ಇದರ ಜೊತೆಗಿದೆ. ಉಳಿದ ಮೂರು ಭಾಗಗಳು ಸಲೀಸಾಗಿ ಬಂದಿದ್ದವು, ಇದೊಂದು ಮಾತ್ರ ಬಾಗಿಲ ಹೊರಗೇ ನಿಂತಿತ್ತು. ಆಗಸ್ಟಿನಲ್ಲಿ ಪೊಲೀಸರು ಡಾಕ್ಟರ್ ವ್ರಾನರನ್ನು ಕರೆದುಕೊಂಡು ಹೋದ ಮೇಲಿನ ಮೊದಲ ಗುರುವಾರ, ಕೈಗೆ ಕೆಲಸವಿಲ್ಲದೆ ಕೂತಿದ್ದಾಗ ತಾನಾಗಿ ಒಳಗೆ ಬಂತು.

ಶ್ರುತಿ ಬಿ-ಫ್ಲಾಟ್ ಮೈನರ್. ನಿಮ್ಮ ಪಿಟೀಲಿನ ರಾಡಿಮ್ ಗೊಣಗುತ್ತಾನೆ, ಗೊಣಗಲಿ. ಈ ಶ್ರುತಿಯಲ್ಲಿ ಪಿಟೀಲಿನ ಬಿಟ್ಟ ತಂತಿ ಒಂದೂ ಮೊಳಗುವುದಿಲ್ಲ, ಪ್ರತಿಯೊಂದು ಸ್ವರವನ್ನೂ ಬೆರಳಿನಿಂದ ಒತ್ತಿಯೇ ಹೊರಡಿಸಬೇಕು. ನನಗೆ ಬೇಕಾದದ್ದು ಅದೇ. ಲಯ ನಿಧಾನ, ನಿಮಗೆ ತಾಳಿಕೊಳ್ಳಲು ಆಗುವುದಕ್ಕಿಂತ ಇನ್ನೂ ಸ್ವಲ್ಪ ನಿಧಾನ. ಅಳುವವರ ಹಾಗೆ ನುಡಿಸಬೇಡಿ. ಹೊರಗೆ ಯಾರೋ ಬಂದು ನಿಂತಿದ್ದಾರೆಂದು ಗೊತ್ತಿದ್ದೂ ಮೇಜಿನ ಸುತ್ತ ಕೂತವರು ಮಾತು ಮುಂದುವರಿಸುತ್ತಾರಲ್ಲ, ಹಾಗೆ ನುಡಿಸಿ.

ಡಾಕ್ಟರ್ ಮನೆಗೆ ಮೊಹರು ಹಾಕಿದ್ದಾರೆ. ಅವರ ಹೆಂಡತಿ ರೂಜೆನ ಹಾಲಿನ ಡೈರಿಯ ಮೇಲಿನ ಒಂದು ಕೋಣೆಯಲ್ಲಿದ್ದಾಳೆ. ಗಂಡನ ವಿಷಯ ಏನೂ ತಿಳಿದಿಲ್ಲ. ಇದಕ್ಕಿಂತ ಹೆಚ್ಚು ಬರೆಯಲಾರೆ. ಪ್ರಾಗ್‌ನಲ್ಲಿ ಚಳಿ ಶುರುವಾಗಿರಬೇಕು, ನಿನ್ನ ಅಮ್ಮನ ಉಣ್ಣೆಯ ಶಾಲನ್ನು ಹೊದ್ದುಕೊ.

ನಿನ್ನ ಅಪ್ಪ,
ಅಲೋಯಿಸ್


ಪ್ರಾಗ್, 27 ಅಕ್ಟೋಬರ್ 1952

ಪ್ರೀತಿಯ ಅಪ್ಪ,

ನಿನ್ನೆ ಮೊದಲ ಸಲ ನುಡಿಸಿ ನೋಡಿದೆವು. ನೀನು ಅಂದದ್ದು ನಿಜವಾಯಿತು. ರಾಡಿಮ್ ಅರ್ಧ ಪುಟ ನುಡಿಸಿ ಪಿಟೀಲು ಇಳಿಸಿದ. "ಇಷ್ಟು ನಿಧಾನ ಆದ್ರೆ ಜನ ನಿದ್ದೆ ಮಾಡ್ತಾರೆ, ಇಲ್ಲಾ ಅಳ್ತಾರೆ. ಸಮಿತಿಗೆ ಎರಡೂ ಆಗ್ಬರಲ್ಲ" ಎಂದ. ಸಮಿತಿಯ ಮೂಲಕ ಹೊರದೇಶದ ಸ್ಪರ್ಧೆಗೆ ನಮ್ಮ ಹೆಸರು ಕಳಿಸಿದವನು ಅವನೇ ಆದ್ದರಿಂದ ಅವನ ಭಯ ನನಗೆ ಅರ್ಥವಾಗುತ್ತದೆ.

ಆಮೇಲೆ ನಡುವಿನ ಜಾಗ ಬಂತು. ಓತ ತನ್ನ ಚೆಲ್ಲೊದಲ್ಲಿ ಆ ಕೆಳಗಿನ ಉದ್ದ ಸ್ವರವನ್ನು ಮುಗಿಸಿ ಹಾಳೆ ತಿರುವಿದ. ಇನ್ನೊಂದು ಹಾಳೆ ತಿರುವಿದ. ಅಲ್ಲಿಂದ ಕೊನೆಯವರೆಗೆ ಅವನಿಗೆ ಒಂದು ಸ್ವರವೂ ಇಲ್ಲ.

"ಲೀಬ, ನಿಮ್ಮಪ್ಪ ನನ್ನ ನಡುದಾರೀಲಿ ಇಳಿಸಿ ಹೋಗಿಬಿಟ್ರಲ್ಲೇ. ಉಳಿದಷ್ಟು ಹೊತ್ತು ನಾನೇನ್ ಮಾಡ್ಲಿ, ಎದ್ದೋಗಿ ಒಂದು ಬಿಯರ್ ಕುಡ್ಕೊಂಡ್ ಬರ್ಲಾ?"

ನಾವೆಲ್ಲ ನಕ್ಕೆವು. ನಗು ನಿಂತ ಮೇಲೆ ಮೂವರೇ ಕೊನೆಯವರೆಗೆ ನುಡಿಸಿದೆವು. ಓತ ಕೈಗಳನ್ನು ಮಂಡಿಯ ಮೇಲಿಟ್ಟುಕೊಂಡು ಕೂತಿದ್ದ. ನಿನಗೆ ಗೊತ್ತಲ್ಲ, ಎತ್ತಿನಂಥ ಆಳು ಅವನು. ಮುಗಿದಾಗ ಅವನ ಮುಖ ಬಿಳುಚಿಕೊಂಡಿತ್ತು. ಕೆಟ್ಟ ಕೆಲಸ ಕಣೇ ಇದು, ನಾನು ಇಲ್ಲೇ ಕೂತಿದ್ರೂ ನೀವ್ಯಾರೂ ನನ್ನ ಕಡೆ ನೋಡ್ಲಿಲ್ಲ ಎಂದ.

ಅಪ್ಪ, ನಾನು ಏನನ್ನೂ ಕೇಳುವುದಿಲ್ಲ. ನಮ್ಮ ಮನೆಯ ಗುರುವಾರದ ವಾದನಗಳಲ್ಲಿ ಮೇಜಿನ ಕೆಳಗೆ ಮಲಗಿ ಬೆಳೆದವಳು ನಾನು. ಚೆಲ್ಲೊ ನುಡಿಸುತ್ತಿದ್ದದ್ದು ಯಾರೆಂದು ಮರೆತಿಲ್ಲ. ನುಡಿಸುವ ಮೊದಲು ಅವರು ಕಪ್ಪು ಬೂಟುಗಳನ್ನು ಬಿಚ್ಚಿಡುತ್ತಿದ್ದದ್ದೂ ನೆನಪಿದೆ.

ಗುರುವಾರದವರು ಈಗಲೂ ಸೇರುತ್ತಾರೆಯೇ?

ನಿನ್ನ ಲೀಬ


ಟೆಲ್ಚ್, 16 ನವೆಂಬರ್ 1952
(ಓತನ ಅಕ್ಕನ ಕೈಯಲ್ಲಿ)

ಲೀಬ ಮಗಳೇ,

ನಿನ್ನ ಪತ್ರ ಬಂದು ಸೇರಿತು. ಲಕೋಟೆಗೆ ಎರಡು ಸಲ ಗೋಂದು ಹಚ್ಚಿತ್ತು. ನೀನು ಅಷ್ಟು ಜಾಗರೂಕಳಲ್ಲ ಎಂದು ನನಗೆ ಗೊತ್ತು.

ಔಷಧಿ ಅಂಗಡಿಯ ಪೇಕರ್, ಅರಣ್ಯ ಇಲಾಖೆಯ ಮಾಟ್ಯೆಯ್, ನಾನು, ಮೂವರೂ ಕೆಲವು ಗುರುವಾರ ಸೇರಿದೆವು. ನಾಲ್ವರಿಗೆ ಬರೆದದ್ದನ್ನೇ ಮೂವರು ನುಡಿಸುತ್ತಿದ್ದೆವು. ಒಂದು ದಿನ ಸಂಗೀತಶಾಲೆಯ ಹೊಸ ಮುಖ್ಯಸ್ಥ ಶಿಮೆಕ್ ನನ್ನನ್ನು ಕರೆಸಿದ. ನನ್ನ ಹಳೆಯ ಶಿಷ್ಯ, ತುತ್ತೂರಿ ಊದುತ್ತಿದ್ದ, ಉಸಿರು ಮಾತ್ರ ಚೆನ್ನಾಗಿತ್ತು. ಮೇಷ್ಟ್ರೇ, ಒಬ್ಬರು ಕಮ್ಮಿ ಇದ್ರೂ ಕಿಟಕಿ ತೆಗೆದಿಟ್ಟು ಯಾಕೆ ನುಡಿಸ್ತೀರಿ, ಬೀದೀಲಿ ಹೋಗೋರಿಗೆ ಏನನ್ನೋ ತೋರಿಸ್ತಿದೀರಾ ಅಂತ ಕೇಳ್ತಿದಾರೆ ಎಂದ. ಯಾರು ಕೇಳುತ್ತಿದ್ದಾರೆ ಎಂದು ನಾನು ವಿಚಾರಿಸಲಿಲ್ಲ. ಈಗ ಸೇರುತ್ತಿಲ್ಲ.

ಇನ್ನು ಮುಂದೆ ಹವೆ, ಆರೋಗ್ಯ ಇಷ್ಟನ್ನು ಮಾತ್ರ ಅಂಚೆಯಲ್ಲಿ ಬರೆ. ಮಿಕ್ಕದ್ದಕ್ಕೆ ಓತನ ಅಕ್ಕ ಯಿಹ್ಲಾವಕ್ಕೆ ಬರುವುದುಂಟಲ್ಲ, ಇದನ್ನು ತಂದ ಅವಳ ಕೈಗೇ ಕೊಡು.

ಇಲ್ಲಿ ಕೆರೆಗಳ ಅಂಚು ಹೆಪ್ಪುಗಟ್ಟುತ್ತಿದೆ. ನಾನು ಆರೋಗ್ಯವಾಗಿದ್ದೇನೆ.

ಅಪ್ಪ


ಪ್ರಾಗ್, 10 ಡಿಸೆಂಬರ್ 1952
(ಓತನ ಅಕ್ಕನ ಕೈಯಲ್ಲಿ)

ಪ್ರೀತಿಯ ಅಪ್ಪ,

ಸಮಿತಿಯವರು ನಮ್ಮ ಅಭ್ಯಾಸ ಕೇಳಲು ಬಂದಿದ್ದರು. ಅಧ್ಯಕ್ಷೆ ಕಾಮ್ರೇಡ್ ಶೆಬೆಸ್ತೋವ ಸಂಗೀತ ತಿಳಿದವಳು, ಒಂದು ಕಾಲಕ್ಕೆ ಚೆನ್ನಾಗಿ ಪಿಯಾನೊ ನುಡಿಸುತ್ತಿದ್ದಳಂತೆ. ಅವಳ ಜೊತೆ ಕಂದು ಕೋಟಿನ ಒಬ್ಬ ಮನುಷ್ಯನಿದ್ದ. ಅವನ ಹೆಸರನ್ನು ನಮಗೆ ಹೇಳಲಿಲ್ಲ. ಹಿಂದಿನ ಸಾಲಿನಲ್ಲಿ ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ.

ಮೂರನೆಯ ಭಾಗ ಮುಗಿದ ಮೇಲೆ ಶೆಬೆಸ್ತೋವ ತುಂಬ ಹೊತ್ತು ಮಾತಾಡಿದಳು. ಕೆಲಸ ಗಟ್ಟಿಯಾಗಿದೆ, ಆದರೆ ಮನೋಭಾವ ಸರಿಯಿಲ್ಲ. ನಮ್ಮ ಜನ ಕಟ್ಟುತ್ತಿರುವಾಗ ಇದು ಯಾರಿಗಾಗಿ ಇಷ್ಟು ಮರುಗುತ್ತಿದೆ. ಉಲ್ಲಾಸದ ಮೇಜರ್ ಶ್ರುತಿಗೆ ತರಬೇಕು, ನಡಿಗೆಯ ವೇಗಕ್ಕಾದರೂ ಏರಿಸಬೇಕು, ಜನವರಿ ನಡುವಿನೊಳಗೆ ತಿದ್ದಿದ ಪ್ರತಿ ಬರಬೇಕು ಎಂದಳು. ರಾಡಿಮ್ ಎಲ್ಲದಕ್ಕೂ ತಲೆಯಾಡಿಸಿದ.

ಕಂದು ಕೋಟಿನವನು ಎದ್ದು ಬಂದು ಓತನ ಮುಂದೆ ನಿಂತ. ಅವನು ಕೇಳಿದ್ದು ಒಂದೇ ಪ್ರಶ್ನೆ.

"ನೀವು ಯಾಕೆ ಸುಮ್ಮನೆ ಕೂತಿದ್ರಿ?"

ಹಾಗೆ ಬರೆದಿದ್ದಾರೆ ಎಂದು ಓತ ಹೇಳಿದ. ಬರೆದವರು ಯಾವ ಊರು ಎಂದು ಆ ಮನುಷ್ಯ ಕೇಳಲಿಲ್ಲ. ಅವನಿಗೆ ಮೊದಲೇ ಗೊತ್ತಿತ್ತು ಅನಿಸುತ್ತದೆ. ಅದೇ ನನಗೆ ದಿಗಿಲು.

ಪಾಸ್‌ಪೋರ್ಟುಗಳು ಸಮಿತಿಯ ಕೈಯಲ್ಲಿವೆ, ರಾಡಿಮ್‌ಗೆ ಎಳೆಮಗು ಇದೆ. ನಿನಗೆ ಪತ್ರ ಬರೆದು ಒಪ್ಪಿಸು ಎಂದು ಅವನು ನನಗೆ ಕೈಮುಗಿದ. ನಾನು ಒಪ್ಪಿಸುತ್ತಿಲ್ಲ ಅಪ್ಪ, ನಡೆದದ್ದನ್ನು ತಿಳಿಸುತ್ತಿದ್ದೇನೆ. ನೀನು ಏನು ಮಾಡಿದರೂ

ಓತ ಬಂದ, ಅವನ ಅಕ್ಕನ ರೈಲಿಗೆ ಹೊತ್ತಾಯಿತು.

ಲೀಬ


ಟೆಲ್ಚ್, 28 ಡಿಸೆಂಬರ್ 1952
(ಅದೇ ಕೈಯಲ್ಲಿ)

ಲೀಬ ಮಗಳೇ,

ಕ್ರಿಸ್‌ಮಸ್ ಹಬ್ಬಕ್ಕೆ ನೀನು ಬರಲಾಗದೆ ಹೋದದ್ದೇ ಒಳ್ಳೆಯದಾಯಿತು.

ಹಬ್ಬಕ್ಕೆ ಹತ್ತು ದಿನ ಮೊದಲು ಡಾಕ್ಟರ ವಿಚಾರಣೆ ಮುಗಿಯಿತು. ಗಡಿ ದಾಟಲು ಹೊರಟಿದ್ದ ಯಾರೋ ಒಬ್ಬನ ಕಾಲಿನ ಗುಂಡೇಟಿಗೆ ಅವರು ಕಟ್ಟು ಹಾಕಿದ್ದರಂತೆ. ಹೆಸರು ಕೇಳಲಿಲ್ಲ, ಕಾಲು ನೋಡಿದೆ ಎಂದು ನ್ಯಾಯಾಲಯದಲ್ಲಿ ಹೇಳಿದರಂತೆ. ಮರಣದಂಡನೆ ಕೊಟ್ಟಿದ್ದಾರೆ. ಮೇಲ್ಮನವಿ ಹೋಗಿದೆ.

ಹಬ್ಬದ ದಿನ ರೂಜೆನಳನ್ನು ಊಟಕ್ಕೆ ಕರೆದೆ. ಪೇಕರ್ ದಂಪತಿಯೂ ಬಂದಿದ್ದರು. ಕಾರ್ಪ್ ಮೀನು ಕರಿದಿದ್ದೆ, ನಿನ್ನ ಅಮ್ಮನ ಕೈರುಚಿ ಬರಲಿಲ್ಲ. ಆ ರಾತ್ರಿಯ ಊಟದ ನಡುವೆ ಮೊದಲು ಎದ್ದವರು ಮುಂದಿನ ವರ್ಷದ ಹಬ್ಬಕ್ಕೆ ಇರುವುದಿಲ್ಲ ಎನ್ನುವುದು ನಿನಗೂ ಗೊತ್ತು, ಬೇಕಾದ ಪಾತ್ರೆಯನ್ನೆಲ್ಲ ಮೇಜಿನ ಮೇಲೇ ಇಟ್ಟುಕೊಂಡಿದ್ದೆವು. ಸಾರು ಬಡಿಸುವಾಗ ಯಾರೋ ಬಾಗಿಲು ತಟ್ಟಿದರು. ನಾವೆಲ್ಲ ಕಲ್ಲಾದೆವು. ರೂಜೆನ ಒಬ್ಬಳೇ ಎದ್ದು ಹೋಗಿ ಬಾಗಿಲು ತೆರೆದಳು. ಪಕ್ಕದ ಮನೆಯ ಹೆಂಗಸು ಜರಡಿ ವಾಪಸು ಕೊಡಲು ಬಂದಿದ್ದಳು, ಅಷ್ಟೆ. ರೂಜೆನ ಮರಳಿ ಬಂದು ಕೂತು ಚಮಚ ಎತ್ತಿಕೊಂಡಳು.

ಮರುದಿನ ಶಿಮೆಕ್ ಮನೆಗೇ ಬಂದ. ಪ್ರಾಗ್‌ನಿಂದ ಅವನಿಗೆ ಫೋನು ಬಂದಿದೆ, ಚೆಲ್ಲೊದ ವಿಷಯ ಅವನಿಗೆ ಗೊತ್ತಿದೆ. ನಾನು ಡಾಕ್ಟರ ಕ್ಷಮಾದಾನಕ್ಕಾಗಿ ಊರವರ ಸಹಿ ಕೂಡಿಸುತ್ತಿರುವುದೂ ಗೊತ್ತಿದೆ. ಅವನು ಜೋರು ಮಾಡಲಿಲ್ಲ, ಕುರ್ಚಿಯ ತುದಿಯಲ್ಲಿ ಕೂತು ಮೆಲ್ಲಗೆ ಹೇಳಿದ:

"ಬದುಕಿರೋ ಮನುಷ್ಯನಿಗೆ ಸಾವಿನ ಪದ ಕಟ್ಟಿದೀರಿ ಮೇಷ್ಟ್ರೇ. ಈಗ ಅವರ ಜೀವ ಉಳಿಸಿ ಅಂತ ಅರ್ಜಿ ಬರೀತೀರಿ. ಎರಡರಲ್ಲಿ ಯಾವ್ದನ್ನ ನಂಬ್ಬೇಕು ಅವ್ರು?"

ಅವನ ಬಾಯಿಂದ ಬಂದರೂ ಮಾತು ನಾಟಿತು. ಆ ಸಂಜೆ ರೂಜೆನಳ ಬಳಿ ಹೋಗಿ ಎಲ್ಲವನ್ನೂ ಹೇಳಿದೆ. ಅವಳು ಆಲೂಗಡ್ಡೆ ಸುಲಿಯುತ್ತಿದ್ದವಳು ಚಾಕು ಕೆಳಗಿಟ್ಟಳು.

"ನನ್ನ ಗಂಡ ಇದಾರೆ. ಸ್ವೆಟರ್ ಕೇಳಿ ಕಾಗದ ಬರ್ದಿದಾರೆ. ಯಾರನ್ನ ಕೇಳ್ಕೊಂಡು ಅವರ ಚೆಲ್ಲೊ ನಿಲ್ಲಿಸ್ದೆ ಅಲೋಯಿಸ್? ಮತ್ತೆ ಶುರು ಮಾಡು."

ಹಾಗಾಗಿ ಮತ್ತೆ ಶುರು ಮಾಡುತ್ತಿದ್ದೇನೆ. ಸಮಿತಿ ಹೇಳಿದ್ದಕ್ಕಲ್ಲ ಎಂದು ನಿನಗೊಬ್ಬಳಿಗೆ ಗೊತ್ತಿರಲಿ; ಹೊರಗಿನವರಿಗೆ ಎರಡೂ ಒಂದೇ. ಮೈನರನ್ನು ಮೇಜರ್ ಮಾಡುವುದು ದೊಡ್ಡ ವಿದ್ಯೆಯೇನಲ್ಲ, ಮೂರನೆಯ ಸ್ವರವನ್ನು ಅರ್ಧ ಮೆಟ್ಟಿಲು ಏರಿಸಿದರೆ ಕೋಣೆಗೆ ಬೆಳಕು ಬರುತ್ತದೆ. ಚೆಲ್ಲೊ ಕೊನೆಯವರೆಗೂ ನುಡಿಯುತ್ತದೆ.

ಅರ್ಜಿಗೆ ಸಹಿ ಹಾಕಿದವರು ಪೇಕರ್, ಮಾಟ್ಯೆಯ್, ಮತ್ತೆ ಚರ್ಚಿನ ಕಸ ಗುಡಿಸುವ ಮುದುಕಿ. ಡೈರಿಯ ಒಡತಿಯ ಅವಳಿ ಮಕ್ಕಳ ಹೆರಿಗೆ ಮಾಡಿಸಿದ್ದು ಡಾಕ್ಟರೇ. ಅವಳಿಗೆ ಕನ್ನಡಕ ಸಿಗಲಿಲ್ಲವಂತೆ. ಮಾಂಸದಂಗಡಿಯವನು ಕೈಗೆ ರಕ್ತ ಮೆತ್ತಿದೆ, ಆಮೇಲೆ ಬಾ ಎಂದ. ಅವರನ್ನು ಬೈಯಲು ನನಗೆ ಬಾಯಿ ಬರುತ್ತಿಲ್ಲ.

ಅಲೋಯಿಸ್, ನಿನ್ನ ಅಪ್ಪ


ಪ್ರಾಗ್, 18 ಜನವರಿ 1953

ಪ್ರೀತಿಯ ಅಪ್ಪ,

ಹೊಸ ಪ್ರತಿ ಬಂತು, ಸಮಿತಿಯ ಮುಂದೆ ನುಡಿಸಿಯೂ ಆಯಿತು. ಎಲ್ಲರಿಗೂ ಹಿಡಿಸಿತು. ಕಾಮ್ರೇಡ್ ಶೆಬೆಸ್ತೋವ ನಿನಗೆ ಅಭಿನಂದನೆ ತಿಳಿಸಲು ಹೇಳಿದ್ದಾಳೆ. ರಾಡಿಮ್ ನಮಗೆಲ್ಲ ಸ್ಲಿವೋವಿತ್ಸ ಬ್ರಾಂಡಿ ಕುಡಿಸಿದ.

ಇದೂ ಒಳ್ಳೆಯ ಸಂಗೀತವೇ ಅಪ್ಪ. ನನ್ನನ್ನು ಹೆದರಿಸುವುದು ಅದೇ.

ಓತ ಕೊನೆಯ ಸ್ವರದವರೆಗೆ ನುಡಿಸುತ್ತಾನೆ. ಚೆನ್ನಾಗಿಯೇ ನುಡಿಸುತ್ತಾನೆ. ಆದರೆ ಆ ನಡುವಿನ ಜಾಗ ಬಂದಾಗ ಪ್ರತಿ ಸಲವೂ ಒಂದು ಕ್ಷಣ ನನ್ನ ಕಡೆ ನೋಡುತ್ತಾನೆ. ಮೊದಲಿನ ಹಾಳೆಗಳನ್ನು ಹರಿದು ಹಾಕಬೇಕೆಂದು ರಾಡಿಮ್ ಹೇಳಿದ್ದ. ನಾನು ಅವನ್ನು ನನ್ನ ವಯೋಲದ ಪೆಟ್ಟಿಗೆಯಲ್ಲಿ, ಬಟ್ಟೆಯ ಕೆಳಗೆ ಇಟ್ಟಿದ್ದೇನೆಂದು ಅವನಿಗೂ ಗೊತ್ತು, ಸುಮ್ಮನಿದ್ದಾನೆ.

ಮೇಲ್ಮನವಿ ಏನಾಯಿತು? ಈ ಪತ್ರವೂ ಓತನ ಅಕ್ಕನ ಕೈಯಲ್ಲೇ ಬರುತ್ತಿದೆ, ನೀನು ಬಿಚ್ಚುಮನಸ್ಸಿನಿಂದ ಬರೆ.

ಲೀಬ


ಟೆಲ್ಚ್, 22 ಫೆಬ್ರವರಿ 1953
(ಅದೇ ಕೈಯಲ್ಲಿ)

ಲೀಬ,

ನಿನ್ನೆ ರೂಜೆನಳಿಗೆ ಸರಕಾರದ ಕಾಗದ ಬಂತು. ಜನವರಿ ಕೊನೆಯ ವಾರದಲ್ಲೇ ಮುಗಿಸಿದ್ದಾರೆ. ದೇಹ ಕೊಡುವುದಿಲ್ಲವಂತೆ.

ಆ ದಿನದ ನಂತರವೂ ಅವಳು ಎರಡು ಪೊಟ್ಟಣ ಕಳಿಸಿದ್ದಳು. ಒಂದರಲ್ಲಿ ಆ ಸ್ವೆಟರ್ ಇತ್ತು. ಎರಡನ್ನೂ ತೆಗೆದುಕೊಂಡು ರಸೀದಿ ಕೊಟ್ಟಿದ್ದಾರೆ.

ಅವಳು ಅಳಲಿಲ್ಲ. ಇವತ್ತು ಮಧ್ಯಾಹ್ನದವರೆಗೆ ನನ್ನ ಮನೆಯಲ್ಲಿ ಒಲೆಯ ಮುಂದೆ ಕೂತಿದ್ದು, ಹೋಗುವಾಗ ಬಾಗಿಲಲ್ಲಿ ನಿಂತಳು. ನಿನ್ನ ಕೈಲಿ ಚೆಲ್ಲೊ ಮತ್ತೆ ಶುರು ಮಾಡಿಸಿದ್ದಕ್ಕೆ ನನ್ನ ಮೇಲೆ ಕೋಪಾನಾ ಎಂದು ಕೇಳಿದಳು. ಇಲ್ಲ ಎಂದೆ. ನಿಜವಾಗಿಯೂ ಇಲ್ಲ.

ನೀವು ಮೇಜರನ್ನೇ ನುಡಿಸಿ. ಬಹುಮಾನ ಬಂದರೆ ತಲೆತಗ್ಗಿಸದೆ ತೆಗೆದುಕೊಳ್ಳಿ. ಈಗ ಅದರಿಂದ ಯಾರಿಗೂ ಏನೂ ಆಗಬೇಕಾಗಿಲ್ಲ.

ಅಪ್ಪ


ಪ್ರಾಗ್, 7 ಮಾರ್ಚ್ 1953
(ಓತನ ಅಕ್ಕನ ಕೈಯಲ್ಲಿ)

ಅಪ್ಪ,

ಈ ಪತ್ರ ನಿನಗೆ ಸಮಯಕ್ಕೆ ಸಿಗುವುದಿಲ್ಲ ಎಂದು ಗೊತ್ತಿದ್ದೂ ಬರೆಯುತ್ತಿದ್ದೇನೆ.

ಮಾಸ್ಕೋದಲ್ಲಿ ದೊಡ್ಡವನು ತೀರಿಕೊಂಡ ಸುದ್ದಿ ನಿನ್ನೆ ಬೆಳಿಗ್ಗೆ ಬಂದಾಗಿನಿಂದ ರೇಡಿಯೊದಲ್ಲಿ ಮಾತು ಮತ್ತು ನಿಧಾನದ ಸಂಗೀತ ಬಿಟ್ಟರೆ ಬೇರೇನಿಲ್ಲ. ಮಧ್ಯಾಹ್ನದೊಳಗೆ ಅವರ ಕಪಾಟಿನಲ್ಲಿದ್ದ ನಿಧಾನದ್ದೆಲ್ಲ ಎರಡೆರಡು ಸಲ ತಿರುಗಿ ಮುಗಿದಿರಬೇಕು. ನಮ್ಮವರೇ ಬರೆದದ್ದು, ಹೊಸದು, ಶೋಕದ್ದು ಬೇಕು ಎಂದು ಹುಡುಕುತ್ತಿದ್ದರು. ಶೆಬೆಸ್ತೋವಳಿಗೆ ನೆನಪಾಯಿತು. ಅವಳೇ ನಮ್ಮ ಅಭ್ಯಾಸದ ಕೋಣೆಗೆ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಬಂದಳು.

"ಆ ತುಂಬ ನಿಧಾನದ್ದು ಇತ್ತಲ್ಲ, ಹರಿದು ಹಾಕಿಲ್ಲ ತಾನೆ?"

ಅವಳು ನಮ್ಮ ಮುಖ ನೋಡುತ್ತ ಬಂದು ನನ್ನ ಹತ್ತಿರ ನಿಂತಳು. ಈಗ ಅದರ ಮನೋಭಾವ ಸರಿ ಇದೆ, ಒಂದು ಸ್ವರವನ್ನೂ ಬದಲಾಯಿಸಬೇಡಿ ಎಂದಳು. ಚೆಲ್ಲೊ ನಿಂತುಹೋಗುತ್ತದಲ್ಲ ಎಂದು ಓತ ಕೇಳಿದ. ನಿಲ್ಲಲಿ, ಮಹಾನಾಯಕರ ಹೃದಯ ನಿಂತ ಹಾಗೆ ಎಂದಳು. ಓತ ಕೆಮ್ಮುವ ನೆಪದಲ್ಲಿ ಹೊರಗೆ ಹೋದ.

ರಾಡಿಮ್ ಆಗಲೇ ಹೂಂ ಅಂದಿದ್ದ. ನಾನು ಬೇಡ ಅನ್ನಬಹುದಿತ್ತು. ಹಾಳೆಗಳು ಇಲ್ಲ ಎಂದಿದ್ದರೆ ಸಾಕಿತ್ತು. ಯಾರ ಹೆಸರಿನಲ್ಲಿ ಡಾಕ್ಟರನ್ನು ಕೊಂದರೋ ಅವನಿಗೆ ಡಾಕ್ಟರ ಸಂಗೀತ ಹೋಗುತ್ತದೆ ಎಂದು ಪೆಟ್ಟಿಗೆಯ ಮುಚ್ಚಳವನ್ನು ಒತ್ತಿ ಹಿಡಿದಿದ್ದೆ. ಆಮೇಲೆ, ಹೇಗಿದ್ದರೂ ನುಡಿಯುತ್ತದಲ್ಲ ಅನಿಸಿತು. ಪೆಟ್ಟಿಗೆ ತೆರೆದು ಹಾಳೆಗಳನ್ನು ತೆಗೆದೆ.

ಇವತ್ತು ಧ್ವನಿಮುದ್ರಣ ಆಯಿತು. ರಾಡಿಮ್ ಈ ಸಲ ಅವಸರ ಮಾಡಲಿಲ್ಲ. ಅವನು ಇಷ್ಟು ಚೆನ್ನಾಗಿ ನುಡಿಸಿದ್ದನ್ನು ನಾನು ಕೇಳಿಯೇ ಇಲ್ಲ. ಮುಗಿದ ಮೇಲೆ ಪಿಟೀಲು ಒರೆಸುತ್ತ ಮೆಲ್ಲಗೆ ನನ್ನನ್ನು ಕೇಳಿದ: "ಆ ನಿಮ್ಮೂರಿನವರು, ಅವರ ಹೆಸರೇನು?" ಹೇಳಿದೆ. ಸೋಮವಾರ ಮಧ್ಯಾಹ್ನ, ಅಂತ್ಯಕ್ರಿಯೆಗೆ ದೇಶಕ್ಕೆ ದೇಶವೇ ಎದ್ದು ನಿಲ್ಲುವ ಹೊತ್ತಿಗೆ ಹಾಕುತ್ತಾರಂತೆ.

ನಿನ್ನನ್ನು ಕೇಳದೆ ಮಾಡಿದೆ ಅಪ್ಪ.

ಲೀಬ


ಟೆಲ್ಚ್, 10 ಮಾರ್ಚ್ 1953
(ಓತನ ಅಕ್ಕನ ಕೈಯಲ್ಲಿ)

ಲೀಬ ಮಗಳೇ,

ನಿನ್ನ ಪತ್ರವನ್ನು ಓತನ ಅಕ್ಕ ಇವತ್ತು ಬೆಳಿಗ್ಗೆ ತಂದುಕೊಟ್ಟಳು. ನಿನ್ನೆಯೇ ಕೇಳಿಸಿಕೊಂಡೆ.

ಎಲ್ಲರೂ ಚೌಕಕ್ಕೆ ಬರಬೇಕೆಂದು ಅಪ್ಪಣೆಯಾಗಿತ್ತು. ಶಾಲೆಗಳು, ಡೈರಿ, ಗಿರಣಿಯವರು, ಎಲ್ಲರೂ ಕಮಾನುಗಳ ಮುಂದೆ ಸಾಲಾಗಿ ನಿಂತಿದ್ದೆವು. ಕಂಬಗಳ ಮೇಲಿನ ಧ್ವನಿವರ್ಧಕಗಳಿಗೆ ಕಪ್ಪು ಬಟ್ಟೆ ಕಟ್ಟಿದ್ದರು. ಗಿರಣಿಯ ಸೈರನ್ ಕೂಗಿ ನಿಂತಿತು. ಗಂಡಸರು ಟೋಪಿ ತೆಗೆದರು. ಸಂಗೀತ ಮುಗಿಯುವವರೆಗೆ ಯಾರೂ ಅಲ್ಲಾಡಬಾರದೆಂದು ಹೇಳಿದ್ದರು.

ಆಮೇಲೆ ನಿನ್ನ ವಯೋಲ ಕೇಳಿಸಿತು. ಎರಡನೆಯ ಸ್ವರಕ್ಕೇ ಗುರುತು ಸಿಕ್ಕಿತು. ಪಕ್ಕದಲ್ಲಿದ್ದ ಪೇಕರ್ ನನ್ನ ತೋಳು ಹಿಡಿದುಕೊಂಡ. ನೀವು ನಾನು ಬರೆದದ್ದಕ್ಕಿಂತಲೂ ನಿಧಾನವಾಗಿ ನುಡಿಸಿದ್ದೀರಿ. ಇಷ್ಟು ನಿಧಾನವನ್ನು ಕಾಗದದ ಮೇಲೆ ಕೇಳುವ ಧೈರ್ಯ ನನಗೆ ಇರಲಿಲ್ಲ.

ಚೆಲ್ಲೊ ನಿಂತಿತು. ಮುಂದಿನ ಸಾಲಿನಲ್ಲಿದ್ದ ಶಿಮೆಕ್ ತಿರುಗಿ ನನ್ನನ್ನು ನೋಡಿದ. ಅವನಿಗೆ ಎಲ್ಲ ಅರ್ಥವಾಗಿತ್ತು. ಬಾಯಿ ತೆರೆದ, ಆದರೆ ಹೇಳುವುದಾದರೂ ಯಾರಿಗೆ? ಅವನ ಪಕ್ಕದಲ್ಲಿ ಊರಿನ ಪಕ್ಷದ ಮುಖಂಡ ಕಣ್ಣು ಮುಚ್ಚಿ ಅಳುತ್ತಿದ್ದ. ಶಿಮೆಕ್ ಮತ್ತೆ ಮುಂದಕ್ಕೆ ತಿರುಗಿ ಬರಿದಲೆಯಲ್ಲಿ ನಿಂತ.

ಎಷ್ಟೋ ವರ್ಷ ತೆರೆದ ಕಿಟಕಿಯಿಂದ ಡಾಕ್ಟರ ಚೆಲ್ಲೊ ಕೇಳಿದ್ದ ಊರು ಇದು. ಮೊದಲು ತಲೆ ತಿರುಗಿಸಿದವಳು ಡೈರಿಯ ಒಡತಿ. ರೂಜೆನ ಅವಳಿಂದ ಸ್ವಲ್ಪ ದೂರದಲ್ಲಿ, ಒಂಟಿಯಾಗಿ, ಗೋಡೆಗೆ ಒರಗಿ ನಿಂತಿದ್ದಳು. ಆಮೇಲೆ ಮಾಂಸದಂಗಡಿಯವನು ನೋಡಿದ. ಆಮೇಲೆ ಒಬ್ಬೊಬ್ಬರಾಗಿ, ಯಾರೂ ಹೇಳದೆ, ಧ್ವನಿವರ್ಧಕದ ಕಡೆಗಿದ್ದ ಮುಖಗಳು ಅವಳ ಕಡೆಗೆ ತಿರುಗಿದವು. ಸಹಿ ಹಾಕಲಾಗದವರೆಲ್ಲ ಟೋಪಿಯನ್ನು ಎದೆಗೆ ಒತ್ತಿ ಹಿಡಿದು ನಿಂತಿದ್ದರು. ಅಪ್ಪಣೆಯಾಗಿತ್ತಲ್ಲ, ಮುಗಿಯುವವರೆಗೆ ನಿಲ್ಲಲೇಬೇಕಿತ್ತು.

ಸೈರನ್ ಮತ್ತೆ ಕೂಗಿತು. ರೂಜೆನ ಚೌಕವನ್ನು ಅಡ್ಡ ದಾಟಿ ನೆಟ್ಟಗೆ ನನ್ನ ಬಳಿ ಬಂದಳು. ಆಗಸ್ಟಿನಿಂದ ಅವಳ ಜೊತೆ ಬೀದಿಯಲ್ಲಿ ನಡೆದವರಿಲ್ಲ. ಎಲ್ಲರ ಎದುರಿಗೆ ನನ್ನ ತೋಳಿಗೆ ಕೈ ಕೊಟ್ಟಳು. "ನಡಿ, ಮನೆಗೆ ಹೋಗೋಣ" ಎಂದಳು.

ಸಂಜೆಗೆ ಮುಂಚೆ ಶಿಮೆಕ್ ಬಂದ. ಒಳಗೆ ಬರಲಿಲ್ಲ.

"ನಾನು ಬಾಯಿ ಬಿಡಲ್ಲ ಮೇಷ್ಟ್ರೇ, ಬಿಟ್ರೆ ನಾನೂ ತಲೆ ಬಾಗಿ ನಿಂತಿದ್ದು ಲೆಕ್ಕಕ್ಕೆ ಬರತ್ತೆ. ಆದ್ರೆ ಅಷ್ಟು ಜನ ಆ ಕಡೆ ತಿರುಗಿದ್ದನ್ನ ನೋಡಿದೋನು ನಾನೊಬ್ಬನೇ ಅಲ್ಲ."

ಅವನು ಹೇಳಿದ್ದು ಸರಿ. ಇವತ್ತು ಅಂಚೆಯವನೂ ಒಂದು ಕಾಗದ ತಂದ. ನಾಡಿದ್ದು ಬೆಳಿಗ್ಗೆ ಯಿಹ್ಲಾವದ ಪೊಲೀಸ್ ಕಚೇರಿಗೆ ಬರಬೇಕಂತೆ. ಯಾಕೆಂದು ಬರೆದಿಲ್ಲ. ದಪ್ಪ ಕಾಲುಚೀಲ ತರಬೇಕೆಂದೂ ಬರೆದಿಲ್ಲ, ನಾನೇ ತೆಗೆದಿಟ್ಟುಕೊಂಡಿದ್ದೇನೆ.

ಯಾರು ಕೇಳಿದರೂ, ಮಾಸ್ಕೋದ ದೊಡ್ಡವರಿಗಾಗಿ ನುಡಿಸಿದೆವು, ಶೆಬೆಸ್ತೋವ ಹೇಳಿದ ಹಾಗೆ ನುಡಿಸಿದೆವು ಎಂದು ನೀವು ನಾಲ್ವರೂ ಒಂದೇ ಮಾತು ಹೇಳಿ. ಈ ಪತ್ರವನ್ನು ಓದಿ ಒಲೆಗೆ ಹಾಕು. ನನ್ನನ್ನು ಕೇಳದೆ ಮಾಡಿದೆ ಎಂದು ಕೊರಗಬೇಡ. ಕೇಳಿದ್ದರೆ ಬೇಡ ಅನ್ನುತ್ತಿದ್ದೆ, ತಪ್ಪಾಗುತ್ತಿತ್ತು.

ರೂಜೆನ ನನ್ನ ಜೊತೆ ಬರುತ್ತಾಳಂತೆ. ನಿನ್ನನ್ನು ಕರೆದಿಲ್ಲವಲ್ಲ, ನಿನಗೇನು ಕೆಲಸ ಅಲ್ಲಿ ಎಂದು ಬೈದು ನೋಡಿದೆ. ಅವಳ ಕಿವಿಗೆ ಬೀಳುತ್ತಿಲ್ಲ. ಈಗ ಅಡುಗೆಮನೆಯಲ್ಲಿ ನಾಡಿದ್ದಿನ ದಾರಿಗೆ ಬ್ರೆಡ್ಡಿನ ಹಿಟ್ಟು ನಾದುತ್ತಿದ್ದಾಳೆ, ಇಬ್ಬರಿಗೆ ಆಗುವಷ್ಟು.

ಅಪ್ಪ